ಒಂದು ಕರೆ, ಮೂರು ಊಟ

ಬೆಂಗಳೂರಿನ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ಉಪಾಧ್ಯಾಯಿನಿಯೊಬ್ಬರಿದ್ದಾರೆ. ಮಕ್ಕಳು ದೂರದೇಶಗಳಲ್ಲಿ, ಇವರು ಒಬ್ಬಂಟಿಗರು. ಅಡಿಗೆ ಮಾಡಿಕೊಳ್ಳುವ ಶಕ್ತಿ ತಗ್ಗಿದ ಮೇಲೆ, ಬಡಾವಣೆಯ ಗೃಹಿಣಿಯೊಬ್ಬರಲ್ಲಿ ತಿಂಗಳ ಮುಂಗಡ ಕಟ್ಟಿ, ಬೇಕಾದ ದಿನ ಮೊಬೈಲಿನಿಂದಲೇ ಊಟದ ಡಬ್ಬಿ ತರಿಸಿಕೊಳ್ಳುತ್ತಾರೆ. ಅದಕ್ಕೆ ಬೇಕಾದ ಆಪನ್ನು ಬರೆದುಕೊಟ್ಟವನು ನನ್ನ ಸೋದರಳಿಯ. ಒಂದು ಮಧ್ಯಾಹ್ನ ಅವರಿಗೆ ಒಂದರ ಬದಲು ಮೂರು ಡಬ್ಬಿಗಳು ಬಂದವು. ಮುಂಗಡದಲ್ಲಿ ಮೂರು ಊಟದ ಹಣವೂ ಕಳೆದಿತ್ತು. ಆ ತಾಯಿ ಯಾರನ್ನೂ ದೂರಲಿಲ್ಲ. “ನನ್ನ ಕೈ ನಡುಗುತ್ತದಪ್ಪ, ಮೂರು ಸಲ ಒತ್ತಿಬಿಟ್ಟೆ” ಎಂದು ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡರು.

ತಪ್ಪು ಅವರದಲ್ಲ. ಅದು ಹೇಗೆಂದು ತಿಳಿಯಲು, ಗುಂಡಿ ಒತ್ತಿದ ಬಳಿಕ ನಡೆಯುವುದೇನೆಂಬುದನ್ನು ವಾಚಕರು ಸ್ವಲ್ಪ ಸಾವಧಾನದಿಂದ ಕೇಳಬೇಕು.

ಲೆಕ್ಕವೆಲ್ಲ ಫೋನಿನಲ್ಲೇ ಮುಗಿಯುವುದೆಂದು ಅನೇಕರ ಭಾವನೆ. ಹಾಗೆ ಮುಗಿಯಕೂಡದು. ಫೋನು ಗಿರಾಕಿಯ ಕೈಯಲ್ಲಿರುವ ವಸ್ತು. ಅದರೊಳಗಿನ ಆಪನ್ನು ಬಿಚ್ಚಿ ನೋಡಬಲ್ಲ ಚತುರರುಂಟು. ಖಾತೆಯ ಕೀಲಿಯನ್ನು ಅಲ್ಲಿಡುವುದೂ ಒಂದೇ, ಗಲ್ಲಾಪೆಟ್ಟಿಗೆಯನ್ನು ಗಿರಾಕಿಯ ಮನೆಯಲ್ಲಿಟ್ಟು ಬರುವುದೂ ಒಂದೇ. ಆದಕಾರಣ ಹಣದ ತೀರ್ಮಾನ ದೂರದ ಕಂಪ್ಯೂಟರಿನಲ್ಲಿ, ಅಂದರೆ ಸರ್ವರಿನಲ್ಲಿ, ಆಗಬೇಕು. (ಹೋಟೆಲಿನಲ್ಲಿ ದೋಸೆ ತಂದಿಡುವ ಸರ್ವರ ಮಾತಲ್ಲ.)

ಹಿಂದೆ ಇದಕ್ಕಾಗಿ ಸರ್ವರೊಂದನ್ನು ಬಾಡಿಗೆಗೆ ಹಿಡಿದು ಹಗಲಿರುಳೂ ನಡೆಸುತ್ತಿರಬೇಕಾಗಿತ್ತು. 2014ರಲ್ಲಿ ಅಮೆಜಾನ್ ಸಂಸ್ಥೆ ‘ಲ್ಯಾಂಬ್ಡಾ’ ಎಂಬ ಹೊಸ ಏರ್ಪಾಡನ್ನು ಪ್ರಕಟಿಸಿತು. 2017ರಲ್ಲಿ ಗೂಗಲ್ಲಿನ ಫೈರ್‌ಬೇಸ್ ಅಂಥದನ್ನೇ ಆಪ್ ಬರೆಯುವವರ ಕೈಗಿತ್ತಿತು. ಮಾಡಬೇಕಾದ ಕೆಲಸದ ವಿಧಿಯನ್ನಷ್ಟೇ ಬರೆದು ಅವರಲ್ಲಿಟ್ಟರಾಯಿತು. ಇದಕ್ಕೆ ಫಂಕ್ಷನ್ ಎಂದು ಹೆಸರು. ಕರೆ ಬಂದಾಗ ಎದ್ದು ಕೆಲಸ ಮಾಡುತ್ತದೆ, ಮುಗಿದ ಮೇಲೆ ಮಲಗುತ್ತದೆ. ಅಡಿಗೆಯವರನ್ನು ತಿಂಗಳ ಸಂಬಳಕ್ಕಿಟ್ಟುಕೊಳ್ಳದೆ ಹಬ್ಬಕ್ಕೆ ಮಾತ್ರ ಹೇಳಿಕಳುಹಿಸಿದ ಹಾಗೆ. ಕೂಲಿಯಾದರೋ ಬಲು ಸೂಕ್ಷ್ಮ: 2020ರ ಡಿಸೆಂಬರಿನಿಂದ ಲ್ಯಾಂಬ್ಡಾ ಸೆಕೆಂಡಿನ ಸಾವಿರದಲ್ಲೊಂದು ಪಾಲನ್ನೂ ಎಣಿಸುತ್ತದೆ. ಇದನ್ನು ‘ಸರ್ವರ್‌ಲೆಸ್’, ಸರ್ವರಿಲ್ಲದ್ದು, ಎಂದು ಕರೆದವರ ಧೈರ್ಯ ದೊಡ್ಡದು. ಸರ್ವರು ಇದ್ದೇ ಇದೆ. ನಮ್ಮ ಕಣ್ಣಿಗೆ ಬೀಳದು, ಅಷ್ಟೆ.

ಬಹಳ ಹೊತ್ತು ಮಲಗಿದ್ದ ಫಂಕ್ಷನ್ ಎದ್ದುಬರಲು ತುಸು ತಡವಾಗುವುದುಂಟು. ಇನ್ನೊಂದು ಸಂಗತಿ: ಊರು ಯಾವುದೆಂದು ಸೂಚಿಸದಿದ್ದರೆ ಫೈರ್‌ಬೇಸಿನ ಫಂಕ್ಷನ್ ನೆಲೆಸುವುದು ಅಮೆರಿಕದ ಅಯೋವಾ ಸಂಸ್ಥಾನದಲ್ಲಿ. ಮುಂಬಯಿ ಎಂದು ಬರೆಯಲು ನಮ್ಮ ಹುಡುಗ ಮರೆತಿದ್ದ. ನಮ್ಮ ಬೀದಿಯ ಅನ್ನ ಸಾರಿನ ಲೆಕ್ಕ ಅಷ್ಟು ದೂರ ಹೋಗಿಬರುತ್ತಿತ್ತು!

ಆಪು ಫಂಕ್ಷನ್ನನ್ನು ಹೆಸರು ಹಿಡಿದು ಕರೆಯುತ್ತದೆ. ಕರೆದವರು ಯಾರೆಂಬ ಮುದ್ರೆಯೊತ್ತಿದ ಗುರುತಿನ ಚೀಟಿ ಜೊತೆಯಲ್ಲಿ ತಾನಾಗಿಯೇ ಹೋಗುತ್ತದೆ. ‘ನಾನು ಇಂಥವಳು’ ಎಂಬ ಬರಿಯ ಮಾತಿಗೆ ಅಲ್ಲಿ ಬೆಲೆಯಿಲ್ಲ. ಬಳಿಕ ಹಣ ಕಳೆದು, ಅಡಿಗೆಮನೆಗೆ ಸುದ್ದಿ ಕಳುಹಿಸಿ, ‘ಆಯಿತು’ ಎಂಬ ಉತ್ತರ ಹಿಂದಿರುಗುತ್ತದೆ. ಬರೆಯುವವನಿಗೆ ಇದು ಪಕ್ಕದ ಕೋಣೆಯವರನ್ನು ಕೂಗಿದಷ್ಟೇ ಸುಲಭವಾಗಿ ತೋರುತ್ತದೆ. ಮೋಸವಿರುವುದು ಇಲ್ಲಿಯೇ. ಪಕ್ಕದ ಕೋಣೆಯಿಂದ ಉತ್ತರ ಬಾರದಿದ್ದರೆ ಎದ್ದು ಹೋಗಿ ನೋಡಬಹುದು. ದೂರದ ಕರೆಗೆ ಉತ್ತರ ಬಾರದಿದ್ದರೆ, ಕರೆಯೇ ತಲುಪಲಿಲ್ಲವೋ, ತಲುಪಿ ಕೆಲಸವಾಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆಯಿತೋ, ಫೋನಿಗೆ ತಿಳಿಯುವ ಬಗೆಯಿಲ್ಲ.

ಬೇರೆ ಅವಧಿ ಹೇಳದಿದ್ದರೆ ಇಂಥ ಕರೆಗೆ ಫೋನು 70 ಸೆಕೆಂಡು ಕಾಯುತ್ತದೆ. ಆಪು ಚುರುಕಾಗಿ ಕಾಣಲೆಂದು ನಮ್ಮವನು ಅದನ್ನು 5ಕ್ಕೆ ಇಳಿಸಿದ್ದ. ಫಂಕ್ಷನ್ ಏಳುವುದು ತಡವಾಯಿತು, ಸಿಗ್ನಲ್ಲೂ ಕ್ಷೀಣವಾಗಿತ್ತು. ‘ವಿಫಲವಾಯಿತು, ಮತ್ತೆ ಪ್ರಯತ್ನಿಸಿ’ ಎಂದಿತು ಆಪು. ಅವರು ವಿಧೇಯರಾಗಿ ಮತ್ತೆ ಒತ್ತಿದರು, ಇನ್ನೊಮ್ಮೆಯೂ ಒತ್ತಿದರು. ಮೂರು ಕರೆಗಳೂ ಅಯೋವಾ ತಲುಪಿ ಕೆಲಸ ಮುಗಿಸಿದ್ದವು.

ಈ ತೊಡಕು ಹೊಸದೇನಲ್ಲ. ದೂರದ ಯಂತ್ರದ ಕಾರ್ಯವನ್ನು ಹತ್ತಿರದ್ದರಂತೆ ಕರೆಯುವ ಕ್ರಮವನ್ನು ಆಂಡ್ರ್ಯೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ 1984ರ ಲೇಖನದಲ್ಲಿ ವಿವರಿಸಿದಾಗಲೇ, ಪ್ರತಿ ಕರೆಗೂ ಒಂದು ಗುರುತು ಅಂಟಿಸಿ, ಎರಡನೆಯ ಬಾರಿ ಬಂದದ್ದನ್ನು ಬದಿಗೆ ಸರಿಸುವ ಉಪಾಯ ಹೇಳಿದ್ದರು. ಸೋದರಳಿಯ ಈಗ ಅದನ್ನೇ ಮಾಡಿದ್ದಾನೆ. ಒಂದು ಬೇಡಿಕೆಗೆ ಒಂದೇ ಸಂಖ್ಯೆ. ಎಷ್ಟು ಸಲ ಒತ್ತಿದರೂ ಅದೇ. ಫಂಕ್ಷನ್ ಮೊದಲು ಖಾತೆಯಲ್ಲಿ ಆ ಸಂಖ್ಯೆಯನ್ನು ಹುಡುಕುತ್ತದೆ. ಸಿಕ್ಕಿದರೆ ಹಿಂದಿನ ಉತ್ತರವನ್ನೇ ಕೊಡುತ್ತದೆ. ಹುಡುಕುವುದು, ಬರೆದುಕೊಳ್ಳುವುದು, ಹಣ ಕಳೆಯುವುದು, ಈ ಮೂರೂ ಬಿಡಿಸಲಾಗದ ಒಂದೇ ವ್ಯವಹಾರವಾಗಿ ನಡೆಯಬೇಕು. ಇಲ್ಲವಾದರೆ ಒಟ್ಟಿಗೆ ಬಂದ ಎರಡು ಕರೆಗಳು ‘ಸಂಖ್ಯೆ ಇಲ್ಲ’ ಎಂದೇ ಕಂಡು, ಎರಡೂ ಹಣ ಕಳೆಯುತ್ತವೆ.

ಹೆಚ್ಚಾಗಿ ಕಳೆದ ಹಣವನ್ನು ಖಾತೆಗೆ ಮರಳಿಸಿ, ಅವನು ಆ ಉಪಾಧ್ಯಾಯಿನಿಯವರಲ್ಲಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡ. ಅವರು ಕನ್ನಡಕ ಏರಿಸಿ ಕೇಳಿದರು:

“ಕೆಲಸ ಆಗಿಲ್ಲವೆಂದು ನಿನಗೆ ಗೊತ್ತಿತ್ತೇನಪ್ಪ?”

“ಇಲ್ಲಮ್ಮ, ಗೊತ್ತಿರಲಿಲ್ಲ.”

“ಹಾಗಾದರೆ ‘ವಿಫಲವಾಯಿತು’ ಎಂದು ಏಕೆ ಬರೆದೆ?”

ಈಗ ಆಪಿನಲ್ಲಿ ಮೂಡುವ ವಾಕ್ಯ ಅವರೇ ತಿದ್ದಿ ಕೊಟ್ಟದ್ದು: ‘ಉತ್ತರ ಇನ್ನೂ ಬಂದಿಲ್ಲ, ವಿಚಾರಿಸುತ್ತಿದ್ದೇನೆ.’