ಋತುಬಂಧದ ನಂತರದ ಹೃದಯಾರೋಗ್ಯ: ವರ್ತಕರ ಹೊಣೆ

ಹಂಗಾಮು ಆರಂಭವಾಗುವ ಮುನ್ನ ಗಿರಣಿಯ ಬೆಲ್ಟು, ಬೇರಿಂಗುಗಳನ್ನು ತಪಾಸಣೆ ಮಾಡಿಸದ ಮಾಲೀಕರು ಸಿಂಧನೂರಿನಲ್ಲಿ ವಿರಳ. ಆದರೆ ಐವತ್ತರ ಹೊಸ್ತಿಲಿನಲ್ಲಿರುವ ಮನೆಯೊಡತಿಯ ರಕ್ತದೊತ್ತಡವನ್ನು ಕಡೆಯ ಬಾರಿ ಅಳೆಸಿದ್ದು ಎಂದು ಎಂದು ಕೇಳಿದರೆ ಉತ್ತರ ದೊರೆಯುವುದು ಅಪರೂಪ. ಲಿಂಗಸುಗೂರು, ಮಸ್ಕಿಗಳ ವರ್ತಕ ಕುಟುಂಬಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ನಮ್ಮ ದೇಶದ ಮಹಿಳೆಯರಲ್ಲಿ ಋತುಬಂಧವು ಸಾಮಾನ್ಯವಾಗಿ 46–47ನೆಯ ವಯಸ್ಸಿನ ಆಸುಪಾಸಿನಲ್ಲಿ ಉಂಟಾಗುತ್ತದೆ. ಆಗ ಈಸ್ಟ್ರೋಜನ್ ಹಾರ್ಮೋನು ಕುಗ್ಗಿ, ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ರಕ್ತನಾಳಗಳು ಬಿರುಸಾಗುತ್ತವೆ. ಹೃದ್ರೋಗವು ಗಂಡಸರ ಕಾಯಿಲೆಯೆಂಬ ನಂಬಿಕೆಗೆ ಇಲ್ಲಿಂದ ಮುಂದೆ ಆಧಾರವಿಲ್ಲ. ಹಾರ್ಮೋನು ಮಾತ್ರೆಯೇ ಹೃದಯವನ್ನು ಕಾಯುವುದೆಂಬ ನಿರೀಕ್ಷೆಯನ್ನೂ 2002ರಲ್ಲಿ ಪ್ರಕಟವಾದ ಅಮೆರಿಕದ ಬೃಹತ್ ಅಧ್ಯಯನವು ಹುಸಿಗೊಳಿಸಿತು.

ಉಳಿದಿರುವ ಸುಲಭ ಸಾಧನವೆಂದರೆ ವ್ಯಾಯಾಮ. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಹಾಗೂ ಎರಡು ದಿನ ಸ್ನಾಯುಬಲದ ವ್ಯಾಯಾಮ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ. ಮಾತನಾಡಲು ಸಾಧ್ಯ, ಹಾಡಲು ಕಷ್ಟ ಎನ್ನುವಷ್ಟು ಬಿರುಸಿನ ನಡಿಗೆ ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ಸಾಕು. ಇದರಿಂದ ರಕ್ತದೊತ್ತಡ, ಸಕ್ಕರೆ ಎರಡೂ ಹತೋಟಿಗೆ ಬರುತ್ತವೆ. ಋತುಬಂಧವಾಗಿ ಬಹಳ ವರ್ಷ ಕಳೆದವರಲ್ಲಿ ರಕ್ತನಾಳಗಳಿಗೆ ಆಗುವ ಲಾಭ ಕಡಿಮೆಯಾಗಬಹುದೆಂದು ಸಂಶೋಧನೆಗಳು ಸೂಚಿಸುತ್ತವೆ. ಆದುದರಿಂದ ಬೇಗ ಆರಂಭಿಸುವುದೇ ಲೇಸು. ತಡವಾದವರಿಗೂ ಲಾಭವಿಲ್ಲದಿಲ್ಲ.

"ಮನೆಗೆಲಸವೇ ವ್ಯಾಯಾಮವಲ್ಲವೇ?" ಎಂಬ ಪ್ರಶ್ನೆ ಸಹಜ. ಒಲೆಯ ಮುಂದೆ ನಿಲ್ಲುವುದರಿಂದ ದಣಿವಾದೀತು, ಉಸಿರು ಏರದು. ಗಿರಣಿಯಲ್ಲಿ ದಿನವಿಡೀ ದುಡಿಯುವ ಹೆಣ್ಣಾಳಿಗಾದರೋ ಮೊದಲು ಬೇಕಾದುದು ವಿಶ್ರಾಂತಿ ಮತ್ತು ತಪಾಸಣೆ. ಇವರಿಬ್ಬರಿಗೂ ಒಂದೇ ಉಪದೇಶ ಸಲ್ಲದು.

ಕೊರತೆ ಇರುವುದು ಹಣದ್ದಲ್ಲ, ಸಮಯದ್ದು. ನಮ್ಮ ಬೇಸಿಗೆಯಲ್ಲಿ ನಡಿಗೆಗೆ ಒದಗುವುದು ಸೂರ್ಯೋದಯದ ವೇಳೆ. ಅದೇ ವೇಳೆಯಲ್ಲಿ ಇಡೀ ಮನೆಯ ಚಹಾ, ಉಪಾಹಾರ ಆಕೆಯ ಪಾಲಿಗಿದೆ. ಆ ಅರ್ಧ ಗಂಟೆಯನ್ನು ಬಿಡಿಸಿಕೊಡುವುದು ಮನೆಯ ಗಂಡಸರ ಕರ್ತವ್ಯ.

ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರು ಆರೋಗ್ಯ ವಿಮೆಯ ಕಡಿತದ ಮಿತಿಯೊಳಗೆ, ಕುಟುಂಬದ ಮುಂಜಾಗ್ರತಾ ತಪಾಸಣೆಗೆ ವರ್ಷಕ್ಕೆ 5,000 ರೂ.ವರೆಗೆ ರಿಯಾಯಿತಿ ಪಡೆಯಬಹುದು. ನಗದು ಪಾವತಿಗೂ ಇದು ಅನ್ವಯಿಸುತ್ತದೆ. ಈ ಸೌಲಭ್ಯವನ್ನು ಬಳಸಿಕೊಂಡು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ, ವೈದ್ಯರ ಸಲಹೆಯಂತೆ ನಡಿಗೆ ಆರಂಭಿಸುವುದು ಯುಕ್ತ. ನಡೆಯುವಾಗ ಎದೆ, ದವಡೆ, ಬೆನ್ನಿನಲ್ಲಿ ನೋವು ಅಥವಾ ಅಸಹಜ ಏದುಸಿರು ಕಂಡರೆ ಗ್ಯಾಸ್ ಎಂದು ಕಡೆಗಣಿಸದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮೂರೂ ಪಟ್ಟಣಗಳ ವರ್ತಕರ ಸಂಘಗಳು ವರ್ಷಕ್ಕೆರಡು ಬಾರಿ ಮಾರುಕಟ್ಟೆ ಪ್ರಾಂಗಣದಲ್ಲಿ ಮಹಿಳೆಯರಿಗೆ ತಪಾಸಣಾ ಶಿಬಿರ ನಡೆಸಲಿ. ಮಾಲೀಕರ ಮನೆಯವರೊಂದಿಗೆ ಹೆಣ್ಣಾಳುಗಳಿಗೂ, ಅಂದಿನ ಕೂಲಿ ಕಡಿಯದೆ, ಅವಕಾಶ ದೊರೆಯಲಿ.