ನಮ್ಮ ಬೇಲಿಯೊಳಗಿನ ಗಾಂಜಾ: ಕಾನೂನೇನು, ಕರ್ತವ್ಯವೇನು?



ಧಾರಣೆ, ಗೊಬ್ಬರ, ಕೊಳೆರೋಗಗಳ ಮಾತು ಈ ಪುಟಗಳಲ್ಲಿ ಸದಾ ಇದ್ದದ್ದೇ. ಈ ಸಲ ನಾವು ಸಭೆಯಲ್ಲಿ ಬಾಯಿಬಿಟ್ಟು ಆಡದ ಒಂದು ವಿಷಯವನ್ನು ತಮ್ಮ ಮುಂದಿಡುತ್ತಿದ್ದೇನೆ. ಅದು ಗಾಂಜಾ ವಿಷಯ.

ಕಾಫಿ ಕೊಯ್ಲಿಗೆ ಆಳು ಗೊತ್ತುಮಾಡಲು ಕಳೆದ ವರ್ಷ ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡಕ್ಕೆ ಹೋಗಿದ್ದೆ. ನಮ್ಮ ಲೈನ್ ಮನೆಯಲ್ಲಿ ನಾಲ್ಕು ಸುಗ್ಗಿ ಕಳೆದ ಮೇಸ್ತ್ರಿಯ ಊರದು. ಚಹಾ ಕೊಟ್ಟ ಅವನ ತಾಯಿ ನೇರವಾಗಿ ಕೇಳಿದರು: “ಸಾವ್ಕಾರ್ರ, ಜಾತ್ರ್ಯಾಗ ಅಜ್ಜಗೋಳು ಚಿಲುಮಿ ಸೇದತಾರ, ಅವರ್ನ ಯಾರೂ ಕೇಳಂಗಿಲ್ಲ. ನನ್ನ ಸಣ್ಣ ಮಗ ಸೇದಿದ್ರ ಕೇಸ್ ಹ್ಯಾಂಗ್ರಿ?”

ಆ ಸಣ್ಣ ಮಗನನ್ನು ಹಿಂದಿನ ಸುಗ್ಗಿಯಲ್ಲಿ ಗಾಂಜಾ ಸೇದಿದನೆಂದು ಬೈದು, ಲೆಕ್ಕ ಚುಕ್ತಾ ಮಾಡಿ ಬಸ್ಸು ಹತ್ತಿಸಿದವನು ನಾನೇ. ಮುಂದೆ ಅವನು ಬೇರೊಂದು ಪಟ್ಟಣದಲ್ಲಿ ಒಂದು ಪೊಟ್ಟಣದೊಂದಿಗೆ ಸಿಕ್ಕಿಬಿದ್ದ. ಆ ತಾಯಿಗೆ ಆಗ ನಾನು ಉತ್ತರ ಕೊಡಲಾಗಲಿಲ್ಲ. ಊರಿಗೆ ಬಂದು ವಕೀಲರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಕೆಯ ಮಾತು ಸುಳ್ಳಲ್ಲ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರ ಜಾತ್ರೆಯ ಕಾಲಕ್ಕೆ ಗಾಂಜಾವನ್ನು ಪ್ರಸಾದವೆಂದು ಕೊಡುವ ರೂಢಿಯನ್ನು ಕುರಿತು 2020ರಲ್ಲಿ ಪತ್ರಿಕೆಗಳು ಬರೆದಿದ್ದವು. ಆದರೆ 1985ರ ಮಾದಕ ವಸ್ತುಗಳ ಕಾಯಿದೆಯಲ್ಲಿ ಜಾತ್ರೆಗಾಗಲಿ ಸಾಧುಗಳಿಗಾಗಲಿ ವಿನಾಯಿತಿ ಇಲ್ಲ. ಸೇದಿದವನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಒಂದು ಕಿಲೋವರೆಗೆ ಇಟ್ಟುಕೊಂಡವನಿಗೆ ಒಂದು ವರ್ಷದವರೆಗೆ ಸಜೆ. 20 ಕಿಲೋ ದಾಟಿದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲ.

ಭಂಗಿಯ ಮಾತು ಬೇರೆ. ಈ ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ-ಕಾಯಿಯ ತುದಿ. ತುದಿಯಿಲ್ಲದ ಬರೀ ಎಲೆ, ಬೀಜ ಗಾಂಜಾ ಅಲ್ಲ. ನಮ್ಮ ಹೈಕೋರ್ಟು 2022ರಲ್ಲಿ ಇದೇ ನೆಲೆಯಲ್ಲಿ ಭಂಗಿ ಸಿಕ್ಕವನೊಬ್ಬನಿಗೆ ಜಾಮೀನು ಕೊಟ್ಟಿದೆ. ಆದರೆ “ಎಲೆಗೇನೂ ತೊಂದರೆಯಿಲ್ಲವಂತೆ” ಎಂದು ಬೇಲಿ ಬದಿಗೆ ಗಿಡ ಹಚ್ಚಿದಿರೋ, ಕೆಟ್ಟಿರಿ. ಅನುಮತಿಯಿಲ್ಲದೆ ಗಿಡ ಬೆಳೆಸುವುದೇ ಅಪರಾಧ; ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ.

ಇನ್ನು ನಮ್ಮ ಸಂಗತಿ. ನಾವು ಎಳೆ ಅಡಿಕೆ ತೋಟದ ಸಾಲಿನಲ್ಲೋ ಗದ್ದೆಯಲ್ಲೋ ಶುಂಠಿಗೆಂದು ಜಾಗ ಗುತ್ತಿಗೆ ಕೊಡುತ್ತೇವೆ. ಹಣ ಎಣಿಸಿಕೊಂಡ ಮೇಲೆ ಆ ಕಡೆ ತಲೆ ಹಾಕುವವರು ಎಷ್ಟು ಮಂದಿ? ಕಾಯಿದೆಯ 46ನೇ ಕಲಮು ಭೂಮಿಯ ಒಡೆಯನಿಗೇ ಹೇಳುತ್ತದೆ: ನಿನ್ನ ನೆಲದಲ್ಲಿ ಅಕ್ರಮ ಗಾಂಜಾ ಗಿಡವಿದ್ದರೆ ಕೂಡಲೆ ಪೊಲೀಸರಿಗೋ ಸಂಬಂಧಪಟ್ಟ ಇಲಾಖೆಗೋ ತಿಳಿಸು, ಗೊತ್ತಿದ್ದೂ ಸುಮ್ಮನಿದ್ದರೆ ಶಿಕ್ಷೆ. ಪಹಣಿಯಲ್ಲಿ ನಮ್ಮ ಹೆಸರಿರುವಾಗ ಮೊದಲು ಬಾಗಿಲು ತಟ್ಟುವುದು ನಮ್ಮ ಮನೆಯದನ್ನೇ.

ಹೋಂಸ್ಟೇ ನಡೆಸುವ ಸದಸ್ಯರಿಗೂ ಒಂದು ಮಾತು. ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರು ಮನೆಯಲ್ಲಿ ಮೂರು ಗಿಡ ಬೆಳೆಸಿಕೊಳ್ಳಬಹುದು; ಜುಲೈಯಿಂದ ಐನೂರರವರೆಗೆ ಸದಸ್ಯರಿರುವ ಸಂಘಗಳು ಪರವಾನಗಿ ಪಡೆದು ತಮ್ಮ ಸದಸ್ಯರಿಗಾಗಿ ಮಾತ್ರ ಬೆಳೆಯಬಹುದು. ಮಾಲ್ಟಾ ದೇಶ 2021ರಲ್ಲೇ ಇಂಥ ಸಂಘಗಳಿಗೆ ದಾರಿ ಮಾಡಿತ್ತು. ಇದನ್ನೆಲ್ಲ ಓದಿಕೊಂಡ ಅತಿಥಿಗಳು, “ಇದು ಖಾಸಗಿ ಜಾಗ, ನಾವು ನಾವೇ ಗೆಳೆಯರು, ನಿಮಗೇನು?” ಎನ್ನುವುದುಂಟು. ನಮ್ಮ ಕಾನೂನಿನಲ್ಲಿ ಖಾಸಗಿ ಜಾಗವೆಂಬ ರಕ್ಷೆಯಿಲ್ಲ. ತಿಳಿದೂ ತನ್ನ ಮನೆ, ಕೋಣೆ, ಅಂಗಳವನ್ನು ಇಂಥ ಅಪರಾಧಕ್ಕೆ ಬಿಟ್ಟುಕೊಟ್ಟವನಿಗೆ, ಅಪರಾಧ ಮಾಡಿದವನಿಗಿರುವ ಶಿಕ್ಷೆಯೇ ಇದೆಯೆಂದು 25ನೇ ಕಲಮು ಹೇಳುತ್ತದೆ. ಅತಿಥಿ ಮರುದಿನ ಕಾರು ಹತ್ತಿ ಹೋಗುತ್ತಾನೆ, ಮನೆ ಮಾತ್ರ ನಮ್ಮದಾಗಿ ಉಳಿಯುತ್ತದೆ.

ಇಷ್ಟು ಕಾನೂನು. ಇನ್ನು ನನ್ನ ಅಭಿಪ್ರಾಯ. ನಮ್ಮಲ್ಲಿ ಜರ್ಮನಿಯ ಮಾದರಿಯ ಸಂಘಗಳು ಬೇಕೆಂದು ನಾನು ಹೇಳಲಾರೆ. ಎಳೆ ಹುಡುಗರ ತಲೆ ಕೆಡಿಸುವ ವಸ್ತುವಿಗೆ ನಾವು ತೋಟ ಒಡ್ಡಬೇಕಾಗಿಲ್ಲ. ಆದರೆ ಸರಕಾರವೇ ಪರವಾನಗಿ ಕೊಟ್ಟು ಮದ್ಯದ ಅಂಗಡಿ ತೆರೆಸುವ ನಾಡಿನಲ್ಲಿ, ಒಂದು ದಮ್ಮು ಎಳೆದ ಕೂಲಿಯ ಹುಡುಗ ಜೈಲು ಕಾಣುವುದು ನ್ಯಾಯವೆಂದು ನನ್ನ ಮನಸ್ಸು ಒಪ್ಪದು. ಮಾರುವವನಿಗೆ ಸಜೆಯಾಗಲಿ; ಸೇದುವವನಿಗೆ ಮದ್ದು ಸಿಗಲಿ. ಶಾಸನ ಮಾಡುವವರು ಈ ಭೇದವನ್ನು ಇನ್ನಷ್ಟು ಸ್ಪಷ್ಟಗೊಳಿಸಬೇಕು.

ಇರುವ ಕಾಯಿದೆಯಲ್ಲೂ ಒಂದು ಕಿಂಡಿಯಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿ ಸರಕಾರದ ಇಲ್ಲವೆ ಸರಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, 64ಎ ಕಲಮಿನಂತೆ ಆ ಮೊಕದ್ದಮೆಯಿಂದ ಬಿಡುಗಡೆ ಕೋರಬಹುದು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಅದು ತಪ್ಪಿಹೋಗಬಹುದು. ಈ ದಾರಿ ನಮ್ಮ ಆಳುಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ನಮಗೇ ಗೊತ್ತಿರಲಿಲ್ಲ.

ಆದುದರಿಂದ ಸದಸ್ಯರಲ್ಲಿ ನನ್ನ ಬಿನ್ನಹ ಇಷ್ಟೆ. ಗುತ್ತಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದಕ್ಕೆ ಹಾಕಿ, ಯಾವ ಬೆಳೆಯೆಂದು ಅದರಲ್ಲಿ ಬರೆಸಿರಿ. ತಿಂಗಳಿಗೊಮ್ಮೆ ಜಾಗ ಸುತ್ತಿ ಬನ್ನಿರಿ. ಗಿಡ ಕಂಡರೆ ನೀವೇ ಕಿತ್ತು ಮುಚ್ಚಿಹಾಕದೆ ಠಾಣೆಗೆ ತಿಳಿಸಿರಿ. ಲೈನ್ ಮನೆಯ ಹುಡುಗ ದಾರಿ ತಪ್ಪಿದರೆ ಬಸ್ಸು ಹತ್ತಿಸುವ ಮುನ್ನ ಆಸ್ಪತ್ರೆಗೆ ಕರೆದೊಯ್ಯಿರಿ.

ನಾಲತವಾಡದ ಆ ಹುಡುಗ ಈಗ ಜಾಮೀನಿನ ಮೇಲಿದ್ದಾನೆ. ಈ ಸಲದ ಕೊಯ್ಲಿಗೆ ಅಣ್ಣನ ಜೊತೆ ಅವನೂ ಬರಲೆಂದು ಹೇಳಿ ಕಳಿಸಿದ್ದೇನೆ. ಆಸ್ಪತ್ರೆಗೆ ಜೊತೆಯಲ್ಲಿ ಹೋಗುವ ಹೊಣೆಯನ್ನು ನಾನೇ ಹೊತ್ತಿದ್ದೇನೆ.

— ಒಬ್ಬ ಸದಸ್ಯ