ಚುನಾವಣೆ ತಡವಾದರೆ ದಂಡ ಯಾರಿಗೆ?

ಗಿರಣಿ ಕೆಲಸಗಾರ ಪಾಳಿಗೆ ತಡವಾದರೆ ಕೂಲಿ ಮುರಿಯುತ್ತಾರೆ. ಅಂಗಡಿಯವ ಲೈಸೆನ್ಸ್ ನವೀಕರಿಸದಿದ್ದರೆ ದಂಡ ತೆರುತ್ತಾನೆ. ಸರ್ಕಾರವೇ ತಡಮಾಡಿದರೆ?

ತುಮಕೂರು ಜಿಲ್ಲಾ ಪಂಚಾಯಿತಿಗೂ ಗುಬ್ಬಿ, ಕುಣಿಗಲ್ ತಾಲ್ಲೂಕು ಪಂಚಾಯಿತಿಗಳಿಗೂ 2016ರಲ್ಲಿ ನಾವು ಮತ ಹಾಕಿದೆವು. 2021ರಲ್ಲಿ ಅವುಗಳ ಅವಧಿ ತೀರಿತು. ತೀರುವ ಮುನ್ನವೇ ಹೊಸ ಚುನಾವಣೆ ಮುಗಿದಿರಬೇಕೆಂಬುದು ಸಂವಿಧಾನದ ಕಟ್ಟಳೆ. ಆದರೆ ಅದೇ ವರ್ಷ ಸರ್ಕಾರವು ಕಾಯಿದೆ ತಿದ್ದಿ, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೊಂದು ಆಯೋಗಕ್ಕೆ ಒಪ್ಪಿಸಿತು. ಚುನಾವಣೆ ವರ್ಷಗಟ್ಟಲೆ ನಿಂತಿತು. ಆರಿಸಿದವರ ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು ಕುಳಿತರು. 2023ರಲ್ಲಿ ಸರ್ಕಾರ ಬದಲಾಯಿತು, ಚಾಳಿ ಬದಲಾಗಲಿಲ್ಲ. ನೀರು, ರಸ್ತೆ ಕೇಳಲು ನಮ್ಮವರಿಲ್ಲದಾಯಿತು; ದಂಡ ತೆತ್ತವರು ನಾವೇ.

ಸೋಲಿನ ಭಯವುಳ್ಳವರ ಕೈಗೆ ಚುನಾವಣೆಯ ಪಂಚಾಂಗ ಕೊಡಬಾರದು. ಕ್ಷೇತ್ರದ ಗೆರೆ, ಮೀಸಲಾತಿಯ ಪಟ್ಟಿ, ಮತದಾನದ ದಿನ ಮೂರೂ ಚುನಾವಣಾ ಆಯೋಗದ ಕೈಯಲ್ಲೇ ಇರಬೇಕು. ಇದು ನಮ್ಮ ಒತ್ತಾಯ.